ಬಾಗಿಲ ಪಕ್ಕದ ಬೆಂಚಿನವನು

ಅವನು ಮಲಗಿಸಿದವರಲ್ಲಿ ಬಾವಿಯವರೆಗೆ ಹೋಗಿ ಮುಟ್ಟಿದವರು ಒಬ್ಬರೂ ಇಲ್ಲ.

ಹೇಳುತ್ತೇನೆ. ನಾನು ಬೀದರಿನ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರಿನಲ್ಲಿ ಹಿರಿಯ ನರ್ಸಾಗಿದ್ದೆ. ಅವನು ಅಲ್ಲಿ ಅರಿವಳಿಕೆ ಡಾಕ್ಟರ ಕೈಕೆಳಗಿನ ಟೆಕ್ನಿಷಿಯನ್. ಹೆದರಿ ನಡುಗುತ್ತ ಟೇಬಲ್ ಮೇಲೆ ಮಲಗಿದ ರೈತನ ಕೈ ಹಿಡಿದು ಮಾತಿಗೆ ಶುರು ಮಾಡುತ್ತಿದ್ದ.

"ಹೊಲ ಎಲ್ಲಿ ಅದರಿ ಮಾವಾ?"

"ಸಾಯಗಾಂವದಾಗರಿ."

"ಈ ಸಲ ಏನ್ ಬಿತ್ತೀರಿ?"

"ಸೋಯಾ. ನಡುನಡುವ ತೊಗರಿ."

"ನಡೀರಿ ಮತ್ತ, ನಿಮ್ಮ ಹೊಲಕ್ಕ ಹೋಗಿ ಬರೂನು. ಬದು ದಾಟಿದ್ರಿ? ಬೇವಿನ ಗಿಡ ಬಂತೇನ್ರಿ? ಬಾವಿ ಇನ್ನೂ ಎಷ್ಟ್ ದೂರ ಅದ?"

ಅಷ್ಟರಲ್ಲಿ ಡಾಕ್ಟರು ಔಷಧ ಕೊಟ್ಟಿರುತ್ತಿದ್ದರು. ಬೇವಿನ ಗಿಡದ ಆಚೆಗೆ ಯಾರ ಮಾತೂ ಹೋಗುತ್ತಿರಲಿಲ್ಲ. ಎಚ್ಚರವಾದ ಮೇಲೆ ಅವನು ಮರೆಯದೆ ಬಂದು, "ಬಾವಿ ಸಿಕ್ತೇನ್ರಿ?" ಎಂದು ಕೇಳುತ್ತಿದ್ದ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಗುವ ಎಷ್ಟೋ ಜನರನ್ನು ನಾನು ನೋಡಿದ್ದೇನೆ. ಹಳ್ಳಿಯವರು ಅವನಿಗೆ ನಿದ್ದಿ ಡಾಕ್ಟರ್ ಸಾಬ್ ಎನ್ನುತ್ತಿದ್ದರು. "ನಾ ಡಾಕ್ಟರ್ ಅಲ್ರಿ, ಡಾಕ್ಟರ್ ಹಿಂದ ನಿಂದ್ರಾಂವ" ಎಂದು ಅವನು ಪ್ರತಿ ಸಲವೂ ತಿದ್ದುತ್ತಿದ್ದ. ಅವರು ಕೇಳುತ್ತಿರಲಿಲ್ಲ.

ಹೋದ ತಿಂಗಳು ಅವನನ್ನು ಭಾಲ್ಕಿಯಲ್ಲಿ ಮಣ್ಣು ಮಾಡಿ ಬಂದೆವು. ಅವನ ಬಗ್ಗೆ ಬರೆಯಬೇಕೆಂದು ಅವನ ಹೆಂಡತಿ ಸುವರ್ಣಾಳನ್ನು ಕೇಳಿದೆ. "ಅವರ ಹೆಸರು ಬ್ಯಾಡ ಅಕ್ಕಾ. ಬಾಕಿ ಎಲ್ಲಾ ಇದ್ದದ್ದು ಇದ್ದಂಗ ಬರೀರಿ" ಎಂದಳು. ಹಾಗೆಯೇ ಮಾಡುತ್ತಿದ್ದೇನೆ. ನಾಚಿಕೆಯ ವಿಷಯ ಬರುತ್ತದೆ. ನಾಚುವವರು ಇಲ್ಲಿಗೇ ನಿಲ್ಲಿಸಬಹುದು. ಮೂವತ್ತು ವರ್ಷ ಮಂದಿಯ ಮಲಮೂತ್ರ ಬಳಿದ ನನಗೆ ಅದು ಯಾವತ್ತೋ ಬಿಟ್ಟುಹೋಗಿದೆ.

ಅವನು ಭಾಲ್ಕಿ ಹತ್ತಿರದ ಹಲಬರ್ಗಾದವನು. ಎತ್ತರದ ಆಳು, ಅದಕ್ಕೆ ತಕ್ಕ ಗಂಟಲು. ನಮ್ಮ ಚರ್ಚಿನ ಹಾಡಿನ ಗುಂಪಿನಲ್ಲಿ ಹಿಂದೆ ನಿಂತು ತಗ್ಗಿನ ದನಿಯಲ್ಲಿ ಹಾಡಿದರೆ ಮುಂದೆ ಹಾಡುವ ಹುಡುಗಿಯರ ಕೀಚಲು ಮುಚ್ಚಿಹೋಗುತ್ತಿತ್ತು. ಚಹಾ ಎಂದರೆ ಪ್ರಾಣ. ಕಪ್ಪಿನಿಂದ ಬಸಿಗೆ ಸುರಿದು, ಕಣ್ಣು ಮುಚ್ಚಿ, ಸದ್ದು ಮಾಡಿಯೇ ಕುಡಿಯಬೇಕು. ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವೆ ಒಮ್ಮೆ, ಆಪರೇಷನ್ ಮುಂದೆ ಹೋದರೆ ಆ ಖುಷಿಗೆ ಇನ್ನೊಮ್ಮೆ. ಹಾಗಿದ್ದವನು ಒಂದು ದಿನ ನಾನು ಕೊಟ್ಟ ಕಪ್ಪನ್ನು ಹಿಂದಕ್ಕೆ ಸರಿಸಿ, "ಬಿಟ್ಟೇನ್ರಿ ಅಕ್ಕಾ" ಎಂದ. ಭಕ್ತಿ ಹೆಚ್ಚಾಗಿರಬೇಕು, ಉಪವಾಸ ಹಿಡಿದಿರಬೇಕು ಎಂದುಕೊಂಡೆವು.

ಆಮೇಲೆ ನೀರೂ ಬಿಟ್ಟ. ಚರ್ಚಿನಲ್ಲಿ ಹಾಡಿನ ಗುಂಪು ಬಿಟ್ಟು ಗಂಡಸರ ಸಾಲಿನ ಕೊನೆಯ ಬೆಂಚಿಗೆ, ಬಾಗಿಲಿಗೆ ಹತ್ತಿಕೊಂಡೇ ಇರುವ ಬೆಂಚಿಗೆ ಬಂದು ಕೂತ. ಪಾಸ್ಟರ ಪ್ರಸಂಗ ಮುಗಿಯುವುದರೊಳಗೆ ಎರಡು ಮೂರು ಸಲ ಎದ್ದು ಹೋಗುತ್ತಿದ್ದ. ಭಾಲ್ಕಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಆಗಬೇಕು. ಯಾವ ಹೋಟೆಲಿನ ಹಿಂದೆ ಏನಿದೆ, ಯಾವ ತಿರುವಿನಲ್ಲಿ ಜಾಲಿ ಗಿಡಗಳಿವೆ ಎಲ್ಲ ಅವನಿಗೆ ಬಾಯಿಪಾಠವಾಗಿತ್ತು. ಡ್ರೈವರುಗಳ ಗುರುತು ಹಿಡಿದು, ಅವರಿಗೆ ಎಲೆ ಅಡಿಕೆ ಕೊಟ್ಟು ಸ್ನೇಹ ಮಾಡಿಕೊಂಡಿದ್ದ. ನಾನು ತಮಾಷೆ ಮಾಡಿದರೆ, "ಒಂದಕ್ಕ ಹೋಗೂದು ಒಂದ ದೊಡ್ಡ ನೌಕರಿ ಆಗ್ಯಾದರಿ ಅಕ್ಕಾ" ಎಂದು ನಗುತ್ತಿದ್ದ. ನಗುವಾಗ ಕೈ ಹೊಕ್ಕುಳ ಕೆಳಗೆ ಒತ್ತಿಕೊಂಡಿರುತ್ತಿತ್ತು.

ನಮ್ಮ ಕಡೆ ಹೊಕ್ಕುಳ ಕೆಳಗೆ ಏನೇ ನೋವಾದರೂ ಅದು ಕಲ್ಲು. ಬೋರಿನ ನೀರಿನ ಮೇಲೆ ಹೊರೆ ಹೊರಿಸಿಬಿಟ್ಟರೆ ಮುಗಿಯಿತು. ಅವನ ತಾಯಿ ಹಲಬರ್ಗಾದಿಂದ ಹುರುಳಿ ಕುದಿಸಿದ ನೀರನ್ನು ಡಬ್ಬಿ ತುಂಬ ಕಳಿಸುತ್ತಿದ್ದಳು. ಪಕ್ಕದ ಮನೆಯವರು ಬಾರ್ಲಿ ಕೊಟ್ಟರು. ಚರ್ಚಿನ ಹಿರಿಯರೊಬ್ಬರು ಬಾಳೆ ದಿಂಡಿನ ರಸ ಮಾಡಿಸಿಕೊಂಡು ಬಂದು ಎದುರಿಗೇ ನಿಂತು ಕುಡಿಸಿದರು. ಹನಿ ನೀರು ಹಿಡಿದಿಟ್ಟುಕೊಳ್ಳಲಾರದವನಿಗೆ ಊರೆಲ್ಲ ಸೇರಿ ನೀರು ಕುಡಿಸಿತು. ಸ್ಕ್ಯಾನ್ ಮಾಡಿಸಿದರೆ ಕಲ್ಲಿಲ್ಲ. "ಹಂಗಾದ್ರ ಬಿದ್ದುಹೋಗ್ಯಾದ ಬಿಡ್ರಿ" ಎಂದರು ಎಲ್ಲರೂ. ಮೂತ್ರದ ಪರೀಕ್ಷೆಯಲ್ಲಿ ಸೋಂಕೂ ಇಲ್ಲ. ಆದರೂ ಮಾತ್ರೆ ನುಂಗಿದ. ನೋವು ಮಾತ್ರ ಕದಲಲಿಲ್ಲ.

ಸುವರ್ಣಾ ಔರಾದ ತಾಲೂಕಿನ ಎಕಂಬಾದ ಹುಡುಗಿ. ಬೀದರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮಾತು ಕಡಿಮೆ, ನೋಟ ಚುರುಕು. ಮದುವೆಯಾಗಿ ಕೆಲವು ವರ್ಷವಾದರೂ ಮಗುವಾಗಿರಲಿಲ್ಲ. ಅದಕ್ಕೂ ಊರಿನ ಬಳಿ ಔಷಧವಿತ್ತು. ನಮ್ಮ ಚರ್ಚಿನ ಹೆಂಗಸರ ಕೂಟ ಮನೆಮನೆಗೆ ಪ್ರಾರ್ಥನೆಗೆ ಹೋಗುತ್ತದೆ. ಮಕ್ಕಳಿಲ್ಲದವಳನ್ನು ನಡುವೆ ನಿಲ್ಲಿಸಿ, ಸುತ್ತ ನಿಂತು, ಹಿರಿಯಳು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಬೇಡಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ, ಅತ್ತುಕೊಂಡೇ ಮಾಡುತ್ತಾರೆ. ಸುವರ್ಣಾಳ ಅತ್ತೆ ಹಲಬರ್ಗಾದಿಂದ ಬಂದು ಅವಳನ್ನು ಅಂಥ ಪ್ರತಿ ಕೂಟಕ್ಕೂ ಕರೆದೊಯ್ದಳು.

ಒಂದು ಸಂಜೆ ಅವಳು ನನ್ನ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಬಹಳ ಹೊತ್ತು ಸೆರಗಿನ ದಾರ ಎಳೆದಳು.

"ಅಕ್ಕಾ, ಅವರು ನನಗ ಮುಟ್ಟೂದಿಲ್ಲರಿ."

ನಾನು ಒಲೆ ಸಣ್ಣ ಮಾಡಿದೆ.

"ಮೊದಲಾ ಹಂಗ ಇರಲಿಲ್ಲ. ಈಗ ಹತ್ರ ಬಂದ್ರ ನೋವು ಅಂತಾರ, ಆಗೂದಿಲ್ಲ ಅಂತಾರ, ಆ ಕಡಿ ತಿರುಗಿ ಮಲಗ್ತಾರ. ಬ್ಯಾರೆ ಯಾರಾದ್ರೂ ಅದಾರೇನೋ ಅಂತ ನಾ ಚೀಲ, ಕಿಸೆ ಎಲ್ಲಾ ನೋಡೀನಿ. ಯಾರೂ ಇಲ್ಲ. ಅತ್ತಿ ನನ್ನ ಹೊಟ್ಟಿ ಮ್ಯಾಲ ಕೈ ಇಡಸ್ತಾರ. ನಾ ಕಣ್ಣ ಮುಚ್ಕೊಂಡು ನಿಂದರ್ತೇನಿ. ಏನಂತ ಹೇಳ್ಲಿ ಅವರಿಗಿ? ನಿಮ್ಮ ಮಗಾ ಹಿಂಗ ಅಂತ ಹ್ಯಾಂಗ ಹೇಳ್ಲಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಿರಲಿಲ್ಲ, ಆದರೂ ಬಂತು.

ಅದಾದ ಸ್ವಲ್ಪ ದಿನಕ್ಕೆ ಅವನು ಆಪರೇಷನ್ ನಡೆಯುತ್ತಿರುವಾಗಲೇ ಟೇಬಲ್ ಬಿಟ್ಟು ಹೊರಗೆ ಓಡಿದ. ನಾನು ಹಿಂದೆಯೇ ಹೋದೆ. ಟಾಯ್ಲೆಟ್ಟಿನ ಬಾಗಿಲು ತೆರೆದು ಬಂದವನ ಮುಖ ಬಿಳಿಚಿತ್ತು. ಒಳಗೆ ಇಣುಕಿದರೆ ರಕ್ತ, ಅದರಲ್ಲಿ ಲೋಳೆಯ ಚೂರುಗಳು. ಬೇಡವೆಂದರೂ ಬಿಡಲಿಲ್ಲ. ಶನಿವಾರಕ್ಕೊಮ್ಮೆ ಹೈದರಾಬಾದಿನಿಂದ ಬರುವ ಮೂತ್ರರೋಗದ ಡಾಕ್ಟರ ಮುಂದೆ ಕೈ ಹಿಡಿದು ಕರೆದುಕೊಂಡುಹೋಗಿ ಕೂಡಿಸಿದೆ.

ಆ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಗಡಿಬಿಡಿ ಇಲ್ಲದವರು. ನಳಿಗೆ ಹಾಕಿ ಮೂತ್ರಕೋಶದ ಒಳಗೆ ನೋಡಿದರು. ಕೈ ತೊಳೆದು ಬಂದು, ಹವಾಮಾನ ಕೇಳಿದಷ್ಟು ಸಾವಧಾನವಾಗಿ ಕೇಳಿದರು: "ಕೆಟಮಿನ್ ಎಷ್ಟು ದಿನದಿಂದ ತಗೋತಿದೀರಿ?"

ಅವನು ನನ್ನ ಮುಖ ನೋಡಿದ. ನಾನು ಹೊರಗೆ ಹೋಗಲಿ ಎಂದು ಅವನ ಆಸೆ. ನಾನು ಕುರ್ಚಿ ಎಳೆದುಕೊಂಡು ಕೂತೆ.

ಕೆಟಮಿನ್ ನಮ್ಮ ಥಿಯೇಟರಿನಲ್ಲಿ ದಿನಾ ಕಾಣುವ ಔಷಧ. ಆಪರೇಷನ್ನಿಗೆಂದು ಒಮ್ಮೆ ಕೊಟ್ಟರೆ ಹೆದರುವಂಥದ್ದೇನೂ ಅಲ್ಲ, ಎಷ್ಟೋ ಜೀವ ಉಳಿಸಿದೆ. ಅದನ್ನೇ ನಶೆಗೆಂದು ಮೇಲಿಂದ ಮೇಲೆ ತಗೊಂಡರೆ ಆಗುವುದನ್ನು ಡಾಕ್ಟರು ಬಿಡಿಸಿ ಹೇಳಿದರು. ಮೈಯಿಂದ ಹೊರಗೆ ಹೋಗುವಾಗ ಅದು ಮೂತ್ರದ ಜೊತೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ನಿಂತಲ್ಲಿ ಒಳಪದರವನ್ನು ಸುಡುತ್ತದೆ. ಹುಣ್ಣಾಗಿ, ಮಾಯ್ದು, ಮತ್ತೆ ಹುಣ್ಣಾಗಿ ಕೋಶ ಬಿರುಸಾಗಿ ಕುಗ್ಗುತ್ತದೆ. "ನಿಮ್ಮದು ಈಗ ಚಹಾದ ಕಪ್ಪಿನಷ್ಟು ಹಿಡಿಯುತ್ತೆ" ಎಂದರು. ಹಿಂದಕ್ಕೆ ಒತ್ತಿದ ಮೂತ್ರ ಕಿಡ್ನಿಯನ್ನು ಕೆಡಿಸಲು ಶುರು ಮಾಡಿದೆ. ಗಂಡಸುತನ ಕೈಕೊಟ್ಟಿರುವುದೂ ಇದರಿಂದಲೇ. ಆಸೆ ಕುಂದುತ್ತದೆ, ಉಳಿದ ಆಸೆಯನ್ನು ನೋವು ತಿನ್ನುತ್ತದೆ.

"ಇನ್ನೊಂದು ಕೇಳಿ" ಎಂದರು ಡಾಕ್ಟರು. "ಆ ನೋವು ಕಡಿಮೆಯಾಗಲಿ ಅಂತ ನೀವು ಮತ್ತೆ ಅದನ್ನೇ ತಗೋತಿದೀರಿ, ಅಲ್ವಾ?"

ಅವನು ತಲೆಯಾಡಿಸಿದ.

"ಬಿಟ್ಟರೆ ಉಳಿದಷ್ಟು ಉಳಿಯುತ್ತೆ. ಎಷ್ಟು ಅಂತ ನಾನು ಮಾತು ಕೊಡಲ್ಲ. ಬಿಡದೆ ಇದ್ದರೆ ನನ್ನ ಹತ್ತಿರ ಔಷಧ ಇಲ್ಲ."

ಹೊರಗೆ ಬಂದು ಹುಣಸೆ ಮರದ ಕೆಳಗೆ ನಿಂತು ಅವನು ಹೇಳಿದ. ಜಹೀರಾಬಾದ್ ಕಡೆಯ ಒಂದು ತೋಟದಲ್ಲಿ ಗೆಳೆಯರ ಮೋಜು, ಯಾರೋ ತಂದ ಬಿಳಿ ಪುಡಿ. "ಮೈ ಅನ್ನೂದೇ ಇರ್ತಿರಲಿಲ್ಲ ಅಕ್ಕಾ. ಎಲ್ಲಾರಿಗೂ ಬಾವಿ ತನಾ ಕಳಸ್ತಿದ್ದೆ, ಒಮ್ಮಿ ನಾನೂ ಹೋಗಿ ನೋಡ್ತೇನಿ ಅಂತ ಹೋದೆ. ಆಮ್ಯಾಲ ಥಿಯೇಟರ್ ಕಪಾಟಿನ ಕೀಲಿ ನನ್ನ ಕೈಯಾಗೇ ಇತ್ತು."

ನಾನು ಬೈದೆ. ಆಸ್ಪತ್ರೆಯ ಗೇಟಿನ ಕಾವಲುಗಾರ ಎದ್ದು ನಿಲ್ಲುವಷ್ಟು ಬೈದೆ. ಬೈದು ಸುಸ್ತಾದ ಮೇಲೆ, ಅವನಷ್ಟು ಚೆನ್ನಾಗಿ ಹೆದರಿದವರ ಕೈ ಹಿಡಿಯುವವರು ಬೇರೆ ಯಾರೂ ಇರಲಿಲ್ಲ ಎಂಬುದು ನೆನಪಾಗಿ ಅಳು ಬಂತು. ಅವನು ಮೆಲ್ಲಗೆ, "ನೀವ್ ಅಳಬ್ಯಾಡ್ರಿ, ನನಗ ಅವಸರ ಆಗ್ಯಾದ, ಹೋಗಿ ಬಂದು ಸಮಾಧಾನ ಮಾಡ್ತೇನಿ" ಎಂದು ಓಡಿದ. ಅಂಥವನು ಅವನು.

ಮಾಲೀಕ ಡಾಕ್ಟರ ಮುಂದೆ ತಾನೇ ಹೋಗಿ ನಿಂತು, ಕದ್ದದ್ದನ್ನು ಒಪ್ಪಿ, ಕೀಲಿ ಕೊಟ್ಟು ಕೆಲಸ ಬಿಟ್ಟ. ಮನೋರೋಗದ ಡಾಕ್ಟರ ಬಳಿ ಚಿಕಿತ್ಸೆಗೆ ಸೇರಿದ. ಬಿಡುವುದೆಂದರೆ ಏನೆಂದು ಆಗ ಕಂಡೆ. ನೋವು ತಡೆಯದೆ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದ. ನಡುವೆ ಒಮ್ಮೆ ಜಾರಿದ, ಮತ್ತೆ ಹಿಡಿದುಕೊಂಡ. ಇಷ್ಟೆಲ್ಲ ಮಾಡಿದವನು ಹೆಂಡತಿಗೆ ಮಾತ್ರ ಹೇಳಲಿಲ್ಲ. ಕೆಲಸ ಬಿಟ್ಟದ್ದು ಕಲ್ಲಿನ ನೋವಿಗೆ ಎಂದು ಮನೆಯಲ್ಲಿ ಹೇಳಿದ್ದ.

"ನಿನ್ನ ಸುದ್ದಿ ನನಗ ಗೊತ್ತದ, ಮೂರು ಮಂದಿ ಡಾಕ್ಟರಿಗಿ ಗೊತ್ತದ" ಎಂದೆ. "ಆ ಹುಡುಗಿಗಿ ಗೊತ್ತಿಲ್ಲ. ನಿನ್ನ ಬ್ಯಾನಿಗಿ ಆಕಿ ಹೊಟ್ಟಿ ಮ್ಯಾಲ ಕೈ ಇಡ್ಲಿಕ್ಕತ್ತಾರ."

"ಹೇಳ್ತೇನ್ರಿ ಅಕ್ಕಾ. ಶರಮ್ ಆಗ್ತದರಿ."

"ಶರಮ್ ನಿನಗ. ಬೈಗುಳ ಆಕಿಗಿ. ಚಂದ ಅದ ನಿಮ್ಮ ಪಾಲು!"

ಮದ್ದಿನ ಚಟವನ್ನು ಒಪ್ಪಿಕೊಂಡವನಿಗೆ ಹಾಸಿಗೆಯ ಮಾತು ಒಪ್ಪಲಾಗಲಿಲ್ಲ. ಕಳ್ಳನೆಂದರೆ ತಡೆದುಕೊಳ್ಳುತ್ತಾನೆ, ಅದು ಆಗದವನು ಎಂದರೆ ತಡೆದುಕೊಳ್ಳಲಾರ. ನಮ್ಮ ಗಂಡಸರಿಗೆ ಇದನ್ನು ಯಾರು ಕಲಿಸಿದರೋ ತಿಳಿಯದು. ಕಲಿಸಿದವರಲ್ಲಿ ನಾವು ಹೆಂಗಸರೂ ಇದ್ದೇವೆ.

ಅಷ್ಟರಲ್ಲಿ ಅವನ ತಾಯಿ ತೀರ್ಮಾನ ಮಾಡಿಯಾಗಿತ್ತು. ಸುಗ್ಗಿ ಹಬ್ಬದ ರವಿವಾರ ಇಡೀ ಸಭೆಯ ಮುಂದೆ ಸೊಸೆಗಾಗಿ ಪ್ರಾರ್ಥನೆ, ಆಮೇಲೆ ಅವಳನ್ನು ತವರಿಗೆ ಕಳಿಸುವುದು. ಅಲ್ಲಿಂದ ಬಸಿರಿನ ಸುದ್ದಿ ಬಂದರೆ ಕರೆಸುವುದು, ಇಲ್ಲದಿದ್ದರೆ ಮುಂದಿನದು ಹಿರಿಯರು ನೋಡಿಕೊಳ್ಳುವುದು. ಸುವರ್ಣಾಳ ತಂದೆಗೆ ಎಕಂಬಾದಿಂದ ಬರಲು ಹೇಳಿ ಕಳಿಸಿದ್ದರು.

ಸುಗ್ಗಿ ಹಬ್ಬಕ್ಕೆ ನಮ್ಮ ಚರ್ಚು ನೋಡಲು ಚಂದ. ಪಾಸ್ಟರು ನಿಲ್ಲುವ ಕಟ್ಟೆಯ ಎರಡೂ ಪಕ್ಕ ಕಬ್ಬು, ಮೆಟ್ಟಿಲ ಮೇಲೆ ಕುಂಬಳ, ಹೆಸರು, ಉದ್ದು, ಬುಟ್ಟಿಯಲ್ಲಿ ಕೋಳಿ. ಹೆಂಗಸರ ಸಾಲಿನ ಮುಂದಿನ ಬೆಂಚಿನಲ್ಲಿ ಸುವರ್ಣಾ, ಪಕ್ಕದಲ್ಲಿ ಅತ್ತೆ. ಗಂಡಸರ ಸಾಲಿನಲ್ಲಿ ಅವಳ ತಂದೆ ಟೊಪ್ಪಿಗೆ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಅವನು ಬಾಗಿಲ ಪಕ್ಕದ ಬೆಂಚಿನಲ್ಲಿ.

ಪಾಸ್ಟರು ಸುವರ್ಣಾಳ ಹೆಸರು ಕರೆದರು. ಅವಳು ಎದ್ದು ನಿಂತಳು. ಹೆಂಗಸರ ಕೂಟದವರೂ ಎದ್ದರು.

"ಅಯ್ನೋರ, ಸ್ವಲ್ಪ ತಡೀರಿ. ನಂದೊಂದು ಸಾಕ್ಷಿ ಅದ." ಬಾಗಿಲ ಪಕ್ಕದ ಬೆಂಚಿನಿಂದ ಅವನು ಎದ್ದಿದ್ದ.

ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ಯಾರಾದರೂ ಎದ್ದು ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬಹುದು. ಮಗನಿಗೆ ನೌಕರಿಯಾಯಿತು, ಮಗಳಿಗೆ ಗಂಡು ಸಿಕ್ಕಿತು, ಕಳೆದ ಎಮ್ಮೆ ಮನೆಗೆ ಬಂತು. ಕೊನೆಗೆ ಎಲ್ಲರೂ "ಸ್ತೋತ್ರ" ಎನ್ನುತ್ತೇವೆ. ಮುಗಿದುಹೋದ ಕಷ್ಟವನ್ನು ಮಾತ್ರ ಅಲ್ಲಿ ಹೇಳುವುದು. ನಡೆಯುತ್ತಿರುವ ಕಷ್ಟವನ್ನು ಯಾರೂ ಸಾಕ್ಷಿಗೆ ತರುವುದಿಲ್ಲ.

"ಆಕಿಗಿ ಕರೀಬ್ಯಾಡ್ರಿ" ಎಂದ. "ಆಕಿ ಹೊಟ್ಟಿಗಿ ಏನೂ ಆಗಿಲ್ಲ. ಆಗಿದ್ದು ನನಗ. ಆಸ್ಪತ್ರ್ಯಾಗ ಮಂದಿಗಿ ಮಲಗಸೂ ಔಷಧ ಇರ್ತದಲ್ಲರಿ, ಅದನ್ನ ನಾ ನಶಾಕ್ಕ ತಗೋತಿದ್ದೆ. ಕದ್ದು ತಗೋತಿದ್ದೆ. ಅದರಿಂದ..."

ನಿಂತುಬಿಟ್ಟ. ಕೈ ಹೊಕ್ಕುಳ ಕೆಳಗೆ ಹೋಯಿತು. ಮುಖ ಹಿಂಡಿಕೊಂಡಿತು. ತಿರುಗಿ ಹೊರಗೆ ಹೋದ.

ಸಭೆಯಲ್ಲಿ ಗುಸುಗುಸು ಎದ್ದಿತು. "ಓಡಿ ಹೋದ ನೋಡ್ರಿ" ಎಂದು ಯಾರೋ ಅಂದರು. ಅವನ ತಾಯಿ ಸೆರಗು ಬಾಯಿಗೆ ಹಿಡಿದಳು. ಸುವರ್ಣಾ ಮಾತ್ರ ಕಬ್ಬನ್ನು ನೋಡುತ್ತ ನಿಂತೇ ಇದ್ದಳು. ಏನು ಮಾಡಬೇಕೆಂದು ತೋಚದೆ ಪಾಸ್ಟರು ಹಾಡಿನ ಪುಸ್ತಕ ತೆರೆದರು. ನನಗೆ ತಡೆಯಲಾಗಲಿಲ್ಲ.

"ಹಾಡು ಬ್ಯಾಡ ಅಯ್ನೋರ. ಬರ್ತಾನ ಅಂವಾ."

ಬರುತ್ತಾನೋ ಇಲ್ಲವೋ ನನಗೇನು ಗೊತ್ತು! ಗೇಟು ದಾಟಿದರೆ ರಸ್ತೆ, ರಸ್ತೆಯಲ್ಲಿ ಆಟೋ. ಹೊರಗೆ ನಲ್ಲಿಯ ನೀರು ಸುರಿಯುವ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ಆ ಬಾಗಿಲನ್ನು ನಾನು ಅಷ್ಟು ದೃಷ್ಟಿಯಿಟ್ಟು ಹಿಂದೆಂದೂ ನೋಡಿಲ್ಲ.

ಬಂದ. ಒದ್ದೆ ಕೈಯನ್ನು ಕರ್ಚೀಫಿಗೆ ಒರೆಸುತ್ತ ಅದೇ ಬೆಂಚಿನ ಪಕ್ಕ ನಿಂತ.

"ಮಾಫ್ ಮಾಡ್ರಿ. ತಡೀಲಿಕ್ಕ ಆಗಲಿಲ್ಲ. ಇದೂ ಅದರದೇ. ಅವ್ವಾ, ನೀ ಹುರುಳಿ ಕುದಿಸಿ ಕುದಿಸಿ ಹೈರಾಣ ಆದಿ, ನನಗ ಕಲ್ಲಿಲ್ಲವ್ವಾ. ಉಚ್ಚಿ ಚೀಲ ಸುಟ್ಟು ಸಣ್ಣದಾಗ್ಯಾದ. ಗಂಡ ಹೆಂಡತಿ ಅಂತ ಕೂಡಿ ಬಾಳೂ ತಾಕತ್ತೂ ನನ್ನ ಮೈಯಾಗ ಉಳದಿಲ್ಲ. ಆಕಿ ಇದನ್ನ ನಿಮಗ ಯಾರಿಗೂ ಹೇಳಿಲ್ಲ. ನೀವ್ ಆಕಿ ಹೊಟ್ಟಿ ಮ್ಯಾಲ ಕೈ ಇಟ್ರಿ, ನಾ ನೋಡ್ಕೋತ ಕುಂತೆ. ಕೈ ಇಡೂದಾದ್ರ ನನ್ನ ಮ್ಯಾಲ ಇಡ್ರಿ. ಪೂರಾ ಗೆದ್ದೀನಿ ಅಂತ ಹೇಳ್ಲಿಕ್ಕ ಧೈರ್ಯ ಇಲ್ಲ. ಇವತ್ತಿನ ತನಾ ಬಿಟ್ಟೇನಿ. ಇಷ್ಟೇ ನನ್ನ ಸಾಕ್ಷಿ."

ಯಾರೂ ಸ್ತೋತ್ರ ಎನ್ನಲಿಲ್ಲ. ಉಚ್ಚೆಯ ಮಾತಿಗೆ ಸ್ತೋತ್ರ ಹೇಳಿ ನಮಗೆ ಅಭ್ಯಾಸವಿಲ್ಲ. ಹೆಂಗಸರ ಕೂಟದವರು ಒಬ್ಬೊಬ್ಬರಾಗಿ ಕೂತರು. ಸುವರ್ಣಾಳ ತಂದೆ ಮಾತ್ರ ಮಡಿಲಿನ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು ತಲೆ ಎತ್ತಿದರು.

ಆಮೇಲೆ ಅವಳು ಕರಗಿ ಅವನ ಹತ್ತಿರ ಓಡಿದಳು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಅಂಗಳದಲ್ಲಿ ಎಲ್ಲರೆದುರು ಅವನ ಮುಂದೆ ನಿಂತು, "ಇಷ್ಟ್ ದಿನಾ ನನ್ನ ಕಣ್ಣ ಮುಚ್ಚಿಸಿ ನಿಂದ್ರಿಸಿದ್ರಿ" ಎಂದಳು. ತಂದೆಯ ಜೊತೆ ಎಕಂಬಾಕ್ಕೆ ಹೋದಳು. ಆದರೆ ಅವಳನ್ನು ಯಾರೂ ಕಳಿಸಲಿಲ್ಲ. ತಂದೆಗಿಂತ ಮುಂದೆ, ಚೀಲ ತಾನೇ ಹಿಡಿದುಕೊಂಡು, ತಾನಾಗಿ ಹೋದಳು. ಆ ಎರಡರ ನಡುವಿನ ಅಂತರವನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೇಸಿಗೆಯಲ್ಲಿ ತಿರುಗಿ ಬಂದಳು. ಯಾಕೆಂದು ನಾನು ಕೇಳಿದೆ. "ಖರೇ ಹೇಳಿದ್ರಲ್ಲರಿ. ಖರೇ ಹೇಳಾವರ ಜೋಡಿ ಜಗಳ ಆದ್ರೂ ಮಾಡ್ಲಿಕ್ಕ ಬರ್ತದ" ಎಂದಳು. ಇಬ್ಬರೂ ಭಾಲ್ಕಿಗೆ ಹೋಗಿ ನೆಲೆಸಿದರು. ಅಲ್ಲಿಯ ಚರ್ಚಿನಲ್ಲೂ ಅವನಿಗೆ ಬಾಗಿಲ ಪಕ್ಕದ ಬೆಂಚೇ ಆಯಿತು. ಅಲ್ಲಿ ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. "ಮೊದಲಾ ಮಂದಿ ಕಣ್ಣ ಮುಚ್ಚಸ್ತಿದ್ದೆ, ಈಗ ತೆರಸ್ತೇನ್ರಿ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದನಂತೆ. ನೋವು ತಗ್ಗಿತ್ತು. ಉಳಿದದ್ದರ ಬಗ್ಗೆ ಕೇಳಿದರೆ ಸುವರ್ಣಾ ಒಮ್ಮೆ ಗೋಡೆಯ ಕಡೆ ತಿರುಗಿ, "ಈಗ ಆ ಕಡಿ ತಿರುಗಿ ಮಲಗೂದಿಲ್ಲರಿ" ಎಂದಳು. ಅಷ್ಟು ಸಾಕಾಯಿತು ನನಗೆ. ಮಕ್ಕಳಾಗಲಿಲ್ಲ. ಮೂತ್ರಕೋಶ ಮೊದಲಿನಂತಾಗಲಿಲ್ಲ. ಔಷಧ ಬಿಟ್ಟು ವರ್ಷಗಳಾದ ಮೇಲೂ, ಆಗಲೇ ಕೆಟ್ಟಿದ್ದ ಕಿಡ್ನಿಗಳು ಕೈಬಿಟ್ಟವು. ಡಯಾಲಿಸಿಸ್ಸಿಗೆ ಬೀದರಿಗೆ ಬರುವಾಗ ಡ್ರೈವರ್ ಹಿಂದಿನ ಸೀಟಿನಲ್ಲಿ ಅವನು, ಪಕ್ಕದಲ್ಲಿ ಅವಳು. ಡ್ರೈವರಿಗೆ ನಿಲ್ಲಿಸಲು ಹೇಳುವ ಕೆಲಸ ಈಗ ಅವಳದಾಗಿತ್ತು.

ಮಣ್ಣಿನ ದಿನ ಭಾಲ್ಕಿಯ ಚರ್ಚು ತುಂಬಿತ್ತು. ಸಾಯಗಾಂವದ ಆ ರೈತನೂ ಬಂದಿದ್ದ, ಮುದುಕನಾಗಿದ್ದ. ಶವದ ಪೆಟ್ಟಿಗೆಯನ್ನು ಕಟ್ಟೆಯ ಕೆಳಗಿಟ್ಟು, ಮನೆಯವರಿಗೆಂದು ಮುಂದಿನ ಬೆಂಚು ಬಿಟ್ಟಿದ್ದರು. ಅವನ ತಾಯಿ ಅಲ್ಲಿ ಕೂತು ಸೊಸೆಗಾಗಿ ಹಿಂದೆ ತಿರುಗಿ ನೋಡಿದಳು. ಸುವರ್ಣಾ ಗಂಡಸರ ಸಾಲಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತಿದ್ದಳು.

ಪಾಸ್ಟರು ಕೈ ಮಾಡಿದರು. ಹಿರಿಯರೊಬ್ಬರು ಹೋಗಿ, "ಮುಂದ ಬಾರವ್ವಾ, ನಿನ್ನ ಜಾಗಾ ಅಲ್ಲದ" ಎಂದರು.

"ಇಲ್ಲರಿ" ಎಂದಳು. ಸರಿದು ಪಕ್ಕದಲ್ಲಿ ಒಬ್ಬರಷ್ಟು ಜಾಗ ಬಿಟ್ಟಳು. "ನಾವು ಕೂಡೂದು ಇಲ್ಲೇ."

ಅವನ ತಾಯಿ ಎದ್ದಳು. ಕೋಲು ಊರಿಕೊಂಡು ಅಷ್ಟೂ ದೂರ ಹಿಂದಕ್ಕೆ ನಡೆದು ಬಂದು, ಆ ಜಾಗದಲ್ಲಿ ಕೂತು, ಸೊಸೆಯ ಕೈ ಹಿಡಿದುಕೊಂಡಳು.